ಅಮ್ಮನ ಕಾಲು

ಹೊಳಲ್ಕೆರೆ, ಜುಲೈ 14, ಸೋಮವಾರ

ಬೆಳಿಗ್ಗೆ ಅಮ್ಮನ ಚಪ್ಪಲಿಗೆ ಇರುವೆಗಳು ಮುತ್ತಿದ್ದವು. ಕಾಲಿನ ಹೆಬ್ಬೆರಳಿನ ಗಾಯಕ್ಕೆ ಇವತ್ತೂ ಪ್ರಾರ್ಥನೆ ಮಾಡಿಸಿದ ಎಣ್ಣೆಯನ್ನೇ ಹಚ್ಚಿಕೊಂಡಳು. ಸಕ್ಕರೆ ಕಾಯಿಲೆಯವರ ಗಾಯ ಬರೀ ಎಣ್ಣೆಗೆ ಮಾಯುವುದಿಲ್ಲ.

"ಅಮ್ಮ, ದುರ್ಗದ ದೊಡ್ಡಾಸ್ಪತ್ರೆಗೆ ಹೋಗಾಣ" ಎಂದೆ, ನನಗೇ ಸರಿಯಾಗಿ ಕೇಳದಷ್ಟು ಮೆಲ್ಲಗೆ.

"ಯೇಸಪ್ಪ ನೋಡ್ಕಂತಾನೆ, ಸುಮ್ಕಿರೇ. ನೀನು ಇಂಟರ್‌ವ್ಯೂಗೆ ಅಂಜ್ಕಂಡು ದೇವರ ಚಿತ್ತ ಅಂತ ಮನೇಲಿ ಕುಂತಿಲ್ವಾ? ನನಗೆ ಬುದ್ಧಿ ಹೇಳಾಕೆ ಬಂದ್ಲು!"

ನಗುತ್ತಲೇ ಅಂದಳು. ಸುಳ್ಳೇನಲ್ಲ.

ಅಪ್ಪ ತೀರಿಕೊಂಡ ಮೇಲೆ ದೇವರೇ ನಮ್ಮನ್ನು ಸಾಕಿದ ಎನ್ನುತ್ತಾಳೆ. ನಾನೂ ಹಾಗೇ ನಂಬಿದ್ದೇನೆ. ಆದರೆ ಅಷ್ಟು ವರ್ಷ ಹೊಲಿಗೆ ಮೆಷಿನ್ ತುಳಿದದ್ದು ಇದೇ ಕಾಲು. ಆಗ ಅವಳು ಮೆಷಿನ್ ಮುಚ್ಚಿಟ್ಟು ಬರೀ ಮೊಣಕಾಲೂರಿ ಕೂರಲಿಲ್ಲವಲ್ಲ.

ಗಾಯ ಆದಾಗಿನಿಂದ ನನ್ನದೂ ಒಂದೇ ಪ್ರಾರ್ಥನೆ: ಕರ್ತನೇ, ಅಮ್ಮನ ಮನಸ್ಸು ತಿರುಗಿಸು. ಎದುರು ನಿಂತು ನಾನು ಆಡಬೇಕಾದ ಮಾತನ್ನೂ ಅವನ ಮೇಲೇ ಹೊರಿಸಿ ಮಲಗುತ್ತಿದ್ದೆ.

ನಾಳೆ ಮೊದಲ ಬಸ್ಸಿಗೆ ಅವಳನ್ನು ಹೊರಡಿಸುತ್ತೇನೆ. ಬೈಯಲಿ, ಅಳಲಿ, ನಾನು ಬಾಗಿಲಲ್ಲೇ ನಿಂತಿರುತ್ತೇನೆ. ಆ ಹೊತ್ತಿಗೆ ನನ್ನ ದನಿ ಅಡಗದಿರಲಿ ಎಂದಷ್ಟೇ ಇವತ್ತು ಬೇಡಿಕೊಂಡೆ.