ಬಾಲ್ಕನಿಯಿಂದ ಕಟಿಂಗ್

ಏಪ್ರಿಲ್ ತಿಂಗಳ ನಡುವೆ ಎಲ್ಲೋ ಒಂದು ಬೆಳಗು
ಮನೆಯಿಂದಲೇ (ಇನ್ನೆಲ್ಲಿಂದ ಬರೆಯಲಿ!)

ಅಕ್ಕನ ಮಗನೇ, ನನ್ನ ಮುದ್ದು ಅಳಿಯನೇ,

ತಡವಾಗಿಯಾದರೂ ಈ ಮಾವನ ತಲೆ ತುಂಬ ಆಶೀರ್ವಾದ. ನೀನು ಫೋನು ಮಾಡಿ ವಾರ ಕಳೆಯಿತು. ನಾನೂ ಫೋನಿನಲ್ಲೇ ಬೈಯಬಹುದಿತ್ತು. ಆದರೆ ನೀನು "ಹೂಂ ಮಾವ, ಹೂಂ ಮಾವ" ಅಂತ ಇಟ್ಟುಬಿಡುತ್ತೀಯ. ಕಾಗದವಾದರೆ ಕೊನೆವರೆಗೂ ಓದಲೇಬೇಕು. ಔಷಧಿ ವ್ಯಾನಿನ ಡ್ರೈವರ್ ನಿನ್ನ ಕಡೆ ಬರುತ್ತಾನಂತೆ, ಅವನ ಕೈಲಿ ಕಳಿಸುತ್ತಿದ್ದೇನೆ.

ಕತ್ತರಿ, ಮೆಷಿನ್ ಎಲ್ಲ ಮಾರಿ ಪಾರ್ಸೆಲ್ ಹಂಚುವ ಕೆಲಸಕ್ಕೆ ಸೇರುತ್ತೇನೆ ಅಂದೆಯಲ್ಲ. "ಇನ್ನು ಮುಂದೆ ಯಾರು ಮಾವ ಇನ್ನೊಬ್ಬರ ಕೈಗೆ ತಲೆ ಕೊಡ್ತಾರೆ?" ಅಂತ ಬೇರೆ ಕೇಳಿದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರ ಕಥೆ ಕೇಳಿದ್ದೆ, ಅಂಥವನು ನಮ್ಮ ಮನೆಯಲ್ಲೇ ಹುಟ್ಟಿದ್ದಾನೆ ಅಂತ ಗೊತ್ತಿರಲಿಲ್ಲ. ನಾನು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಬೆಂಚು ಸವೆಸಿದವನು. ಆದರೂ ಇಷ್ಟು ಗೊತ್ತು: ಲಾಕ್‌ಡೌನ್ ನಮಗೆ, ಕೂದಲಿಗಲ್ಲ.

ಇಲ್ಲಿಯ ಸುದ್ದಿ ಕೇಳು. ನಮ್ಮ ಬೀದಿಯ ಇಕ್ಕಟ್ಟು ನಿನಗೆ ಗೊತ್ತೇ ಇದೆ, ಎದುರು ಮನೆಯವರು ಸೀನಿದರೆ ನಾವು ಮುಖ ಒರೆಸಿಕೊಳ್ಳಬೇಕು. ಆ ಎದುರು ಮನೆಯ ಮೇಷ್ಟ್ರು ಕಂಪ್ಯೂಟರಿನಲ್ಲಿ ಪಾಠ ಮಾಡುತ್ತಾರೆ. ಅವರ ಜುಟ್ಟು ನೋಡಿ ಮಕ್ಕಳು ನಗುತ್ತಿವೆ ಅಂತ ಅವರ ಹೆಂಡತಿ ಬಾಲ್ಕನಿಗೆ ಬಂದು ಕೂಗಿದಳು: "ಅಣ್ಣಾ, ಇವರ ಅವತಾರ ನೋಡೋಕಾಗ್ತಿಲ್ಲ. ನೀವು ಅಲ್ಲಿಂದ್ಲೇ ಹೇಳಿ, ನಾನು ಕತ್ತರಿಸ್ತೀನಿ."

"ಲೇ, ಇದು ತಲೆ ಕಣೇ, ಕಿಟಕಿ ಪರದೆ ಅಲ್ಲ!" ಅಂದರು ಮೇಷ್ಟ್ರು. ಯಾರು ಕೇಳಬೇಕು? ಕೊರಳಿಗೆ ಬೆಡ್‌ಶೀಟ್ ಬಿಗಿದು ನನ್ನ ಕಡೆಗೆ ಮುಖ ಮಾಡಿ ಕೂರಿಸಿಯೇ ಬಿಟ್ಟಳು.

ಶುರುವಾಯಿತು. "ಬಲಗಡೆ ಉದ್ದ ಇದೆ, ತೆಗಿಯಮ್ಮ" ಅಂದೆ. ತೆಗೆದಳು. "ಇನ್ನೂ ಹಾಗೇ ಇದೆ, ತೆಗಿ."

"ತೆಗೀತಾನೇ ಇದೀನಲ್ಲ ಅಣ್ಣಾ!"

"ಏನು ತೆಗೀತಿದೀಯ, ನನಗೆ ಕಣ್ಣಿಲ್ವಾ? ತೆಗಿ!"

ಅಷ್ಟರಲ್ಲಿ ನಿನ್ನ ಅತ್ತೆ ಈಚೆ ಬಂದಳು. ನೋಡಿದವಳೇ ಹಣೆ ಚಚ್ಚಿಕೊಂಡಳು. "ಅಯ್ಯೋ ನಿಮ್ಮ ಬುದ್ಧಿಗಿಷ್ಟು! ಎದುರಿಗೆ ಕೂತವರಿಗೆ ನಿಮ್ಮ ಬಲ ಎಡ ಆಗುತ್ತಲ್ರೀ!"

ಮೊದಲೇ ಗಿಡ್ಡವಿದ್ದ ಪಕ್ಕ ಬುರುಡೆ ಕಾಣುತ್ತಿತ್ತು, ಉದ್ದವಿದ್ದ ಪಕ್ಕ ಪೊದೆಯ ಹಾಗೇ ನಿಂತಿತ್ತು. ತಪ್ಪು ನನ್ನದಲ್ಲಪ್ಪ! ಆಯುಷ್ಯವೆಲ್ಲ ಗಿರಾಕಿಯ ಬೆನ್ನಿಗೆ ನಿಂತು ಕನ್ನಡಿ ನೋಡಿ ಕೆಲಸ ಮಾಡಿದವನಿಗೆ, ಗಿರಾಕಿಯ ಬಲವೂ ನನ್ನ ಬಲವೂ ಯಾವಾಗಲೂ ಒಂದೇ ಕಡೆ. "ಇದು ಈಗಿನ ಹೊಸ ಫ್ಯಾಷನ್ನು" ಅಂತ ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆ. ಮೇಷ್ಟ್ರು ಪಾಪ, "ಕ್ಯಾಮೆರಾಗೆ ಒಂದೇ ಪಕ್ಕ ತೋರಿಸ್ತೀನಿ ಬಿಡಿ" ಅಂದರು.

ಆದರೆ ಸೋತು ಕೂರುವ ಜಾಯಮಾನವೇ ನನ್ನದು? ಮಾರನೆಯ ದಿನ ಬಾಲ್ಕನಿಯ ಗೋಡೆಗೆ ಕನ್ನಡಿ ತೂಗುಹಾಕಿದೆ. ಬೀದಿಗೆ ಬೆನ್ನು ಮಾಡಿ ನಿಂತೆ. ಕನ್ನಡಿಯಲ್ಲಿ ಗಿರಾಕಿ ಕಂಡ, ಎಡಬಲ ತಮ್ಮ ಜಾಗಕ್ಕೆ ಬಂದವು! ಮೇಷ್ಟ್ರ ಇನ್ನೊಂದು ಪಕ್ಕವನ್ನೂ ಸರಿ ಮಾಡಿಸಿದೆ. ಆಟೋದವನಿಗೆ ಅವನ ಮಗಳು, ಔಷಧಿ ಅಂಗಡಿಯವನಿಗೆ ಅವನ ತಾಯಿ, ಎಲ್ಲರೂ ನನ್ನ ಶಿಷ್ಯರೇ. ತಲೆ ಮುಟ್ಟದೆ, ಮುಖ ಕೂಡ ಕೊಡದೆ ಬೀದಿಗೆ ಬೀದಿಯನ್ನೇ ಕಟಿಂಗ್ ಮಾಡಿದವನು ಲೋಕದಲ್ಲಿ ಇನ್ನೊಬ್ಬನಿದ್ದರೆ ತೋರಿಸು, ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ.

ಮೂಲೆ ಗೋಡೌನಿನ ಕಾವಲುಗಾರನಿದ್ದಾನಲ್ಲ, ಒಂಟಿ ಮನುಷ್ಯ, ಅವನಿಗೆ ಕತ್ತರಿ ಹಿಡಿಯುವವರು ಯಾರೂ ಇಲ್ಲ. ನಿನ್ನೆ ಕೆಳಗೆ ನಿಂತು ಕತ್ತೆತ್ತಿ ಕೇಳಿದ: "ಅಂಗಡಿ ಯಾವಾಗ ತೆಗೀತೀಯಣ್ಣ?"

"ಯಾಕೋ, ಮದುವೆ ಗೊತ್ತಾಯ್ತಾ?" ಅಂದೆ.

ನಗಲಿಲ್ಲ ಅವನು. "ಕೂದಲು ಹಾಳಾಗಿ ಹೋಗಲಿ. ಯಾರಾದ್ರೂ ತಲೆ ಮುಟ್ಟಿ ಎಷ್ಟು ಕಾಲ ಆಯ್ತು" ಅಂದ.

ಯಾರು ತಲೆ ಕೊಡುತ್ತಾರೆ ಅಂದೆಯಲ್ಲ, ಕೇಳಿಸಿತೇ? ನಾನಂತೂ ಗಟ್ಟಿ ಮಾಡಿದ್ದೇನೆ. ಅಪ್ಪಣೆ ಸಿಕ್ಕ ದಿನವೇ ಬಾಗಿಲು ತೆರೆಯುವುದು. ಕುರ್ಚಿಗಳನ್ನು ದೂರ ದೂರ ಹಾಕುವುದು, ತಲೆಗೊಂದು ಒಗೆದ ಬಟ್ಟೆ, ಕಿಟಕಿ ಹಗಲೆಲ್ಲ ತೆರೆದಿರಬೇಕು. ಮುಖಕ್ಕೆ ಬಟ್ಟೆ ಕಟ್ಟಿಕೊಂಡೇ ಹರಟುತ್ತೇನೆ, ಹರಟೆ ಮಾತ್ರ ಬಿಡುವುದಿಲ್ಲ. ಕಿಟಕಿ ಪಕ್ಕದ ಕುರ್ಚಿ ನಿನ್ನದು. ಕತ್ತರಿ ಮಾರಬೇಡ, ಎಣ್ಣೆ ಹಾಕಿಡು. ಬಸ್ಸು ಬಿಟ್ಟ ದಿನವೇ ಹತ್ತು.

ನಿನ್ನ ಅತ್ತೆ ಹೇಳಿ ಕಳಿಸಿದ್ದು: ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ, ಮಾವನ ಜಂಬದಲ್ಲಿ ಅರ್ಧ ಮಾತ್ರ ನಂಬಬೇಕಂತೆ. ಯಾವ ಅರ್ಧ ಅಂತ ಹೇಳಲಿಲ್ಲ.

ನಿನ್ನ ಹೊಟ್ಟೆ ತಣ್ಣಗಿರಲಿ, ಕತ್ತರಿ ಹರಿತವಾಗಿರಲಿ.

ಇಂತಿ,
ನಿನ್ನನ್ನು ಈ ಕೆಲಸಕ್ಕೆ ಹಚ್ಚಿದ ಮಾವ

ತಾ.ಕ.: ಇದು ಮರೆತ ಮಾತಲ್ಲ, ಮೇಲೆ ಬರೆಯಲು ಧೈರ್ಯ ಸಾಲದ ಮಾತು. ಚಳಿಗಾಲದಿಂದ ನನ್ನ ಬಲಗೈ ನಡುಗುತ್ತಿದೆ. ಪೆನ್ನು ಹೇಗೋ ಹಿಡಿಯುತ್ತೇನೆ, ಕ್ಷೌರದ ಕತ್ತಿ ಹಿಡಿದು ಒಬ್ಬರ ಕುತ್ತಿಗೆಯ ಹತ್ತಿರ ಹೋಗಲಾರೆ. ಅಂಗಡಿ ಮುಚ್ಚಿ ಅಂದ ದಿನ ಬೀದಿಯೆಲ್ಲ ಗೋಳಾಡಿತು, ನಾನು ಒಳಗೊಳಗೇ ಮರ್ಯಾದೆ ಉಳಿಯಿತು ಅಂದುಕೊಂಡೆ. ನಿನ್ನ ಅತ್ತೆಗೆ ನಾನು ಹೇಳಿಲ್ಲ. ಅವಳಿಗೆ ಗೊತ್ತಿದೆ, ಕೇಳಿಲ್ಲ. ಹೇಳಿದ ಮಾತು ಮಾತೇ, ಬಾಗಿಲು ತೆರೆದೇ ತೆರೆಯುತ್ತೇನೆ. ಬೀಗ ತೆಗೆಯುವುದಕ್ಕೆ ಈ ಕೈ ಸಾಕು. ಆಮೇಲಿನದ್ದಕ್ಕೆ ನಿನ್ನ ಕೈ ಬೇಕು, ಬಾರೋ.