ಚಪ್ಪಲಿಯೊಳಗಿನ ನಂಬರು

ಮಾರ್ಚ್ 3, ಸೋಮವಾರ
ಇವತ್ತೂ ಅದೇ. ಇವರು ಮುಖ ತೊಳೆದವರೇ ವ್ಯಾನಿನ ಕೀ ಹುಡುಕಿದರು. ವ್ಯಾನು ಮಾರಿ ಯಾವ ಕಾಲವಾಯಿತು!
"ಟೂರಿನ ಪಾರ್ಟಿ ಕಾಯ್ತಿದ್ದಾರೆ ಕಣೇ. ಬೆಟ್ಟದ ಶಿವ, ಹೊಳೆದಂಡೆ ದೇವಿ, ಕೊನೆಗೆ ಬುದ್ಧ. ಕತ್ತಲಾಗೋದ್ರೊಳಗೆ ತೋರಿಸಿ ಮುಗಿಸ್ಬೇಕು."
"ದೇವರು ಎಲ್ಲೂ ಓಡಿಹೋಗಲ್ಲ. ಮೊದಲು ಪ್ಯಾಂಟಿನ ಗುಂಡಿ ಹಾಕ್ಕೊಳ್ಳಿ" ಅಂದೆ.
ನಕ್ಕರು. ನನ್ನ ಹೆಸರು ಮರೆತಿದ್ದಾರೆ, ಬೈಗುಳ ಮರೆತಿಲ್ಲ. ಅಷ್ಟಾದರೂ ಉಳಿದಿದೆಯಲ್ಲ.
ಬಾಡಿಗೆ ವ್ಯಾನಿನಲ್ಲಿ ಜನರನ್ನು ಗುಡಿಯಿಂದ ಗುಡಿಗೆ ಹೊತ್ತು ಹಾಕುವುದರಲ್ಲೇ ಇವರ ತಲೆ ನರೆಯಿತು. ಒಂದು ದಿನವೂ ಒಳಗೆ ಕಾಲಿಟ್ಟವರಲ್ಲ. ಹೊರಗೆ ವ್ಯಾನಿನಲ್ಲೇ ನಿದ್ದೆ. ದೇವರಿಗೆ ಹಾರ್ನೇ ನಮಸ್ಕಾರ...

ಮಾರ್ಚ್ 4
ಮಗಳು ಫೋನ್ ನಂಬರಿನ ಕಾರ್ಡು ತಂದು ಅಪ್ಪನ ಕೊರಳಿಗೆ ಹಾಕಿದಳು. "ನಾನೇನು ಲಗೇಜಾ?" ಎಂದು ಕಿತ್ತೆಸೆದರು. ಅಂಗಿಯಲ್ಲಿಡೋಣವೆಂದರೆ ಅದು ದಿನಾ ಬದಲಾಗುತ್ತದೆ. ಚಪ್ಪಲಿ ಒಂದೇ. ಮೊಮ್ಮಗಳ ಮಾರ್ಕರ್ ಇಸಿದುಕೊಂಡು ಎರಡರ ಒಳಗೂ ಪಾದ ಊರುವಲ್ಲಿ ನನ್ನ ನಂಬರು ದಪ್ಪಗೆ ಬರೆದೆ.
"ಚಪ್ಪಲಿ ಎಲ್ಲಾದ್ರೂ ಬಿಟ್ಟರೆ?" ಅಂದಳು ಮಗಳು.
"ಹಾಸಿಗೆಗೂ ಹಾಕ್ಕೊಂಡು ಹತ್ತೋ ಮನುಷ್ಯ. ಬಿಡ್ತಾರಾ!"
ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಮಾರ್ಚ್ 9
ನಿನ್ನೆ ನಾನು ಸ್ನಾನಕ್ಕೆ ಹೋಗಿದ್ದೆ. ಬಂದರೆ ಬಾಗಿಲು ತೆರೆದಿದೆ, ಇವರಿಲ್ಲ.
ಪೊಲೀಸರು ಫೋಟೋ ಇಟ್ಟುಕೊಂಡರು. ನಾನೂ ಮಗಳೂ ಇವರ ಪಾರ್ಟಿಯ ದಾರಿಯನ್ನೇ ಹಿಡಿದೆವು. ಬೆಟ್ಟ ಆಯಿತು. ಹೊಳೆದಂಡೆ ಆಯಿತು. ಅಷ್ಟರಲ್ಲಿ ಕತ್ತಲೆ.
ಇವತ್ತು ಫೋನು ಬಂತು. ಬುದ್ಧನ ಗುಡಿಯ ಮುಂದೆ ಚಪ್ಪಲಿ ಕಾಯುವವಳು.
"ಅಮ್ಮಾ, ನಿಮ್ಮ ಚಪ್ಪಲಿ ಇಲ್ಲೇ ಬಿದ್ದಿದೆ. ನಿನ್ನೆಯಿಂದ ಯಾರೂ ಕೇಳಿಲ್ಲ."
"ಹಾಕ್ಕೊಂಡಿದ್ದವರು ಎಲ್ಲಿ ತಾಯಿ?"
"ನಾನು ಕಾಲು ನೋಡೋಳು. ಮುಖ ಯಾರು ನೋಡ್ತಾರೆ?"
ಜೀವಮಾನವೆಲ್ಲ ಹೊರಗೆ ಮಲಗಿದವರು. ಈಗಲೇ ಒಳಗೆ ಹೋಗಬೇಕಿತ್ತೇ...

ಮಾರ್ಚ್ 10
ನಿನ್ನೆ ಫೋನು ಬಂದ ಕೂಡಲೇ ಹೋದೆವು. ಗುಡಿಗೆ ಹಿಂದೆಯೂ ಬಾಗಿಲಿದೆ, ಅದರಾಚೆ ಸಂತೆಯಂಥ ರಸ್ತೆ. ಆ ಕಡೆಯಿಂದ ಬರಿಗಾಲಲ್ಲಿ ಇಳಿದುಹೋಗಿರಬೇಕು. ಬುದ್ಧ ಕಣ್ಣು ಅರ್ಧ ಮುಚ್ಚಿ ಕೂತಿದ್ದಾನೆ. ಪೂರ್ತಿ ತೆರೆದಿದ್ದರೆ ಎಡಕ್ಕೆ ಹೋದರೋ ಬಲಕ್ಕೋ ಅವನಿಗಾದರೂ ಗೊತ್ತಿರುತ್ತಿತ್ತು.
ಮಗಳು ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡಳು. ಕಿತ್ತುಕೊಂಡೆ.
"ಇಲ್ಲೇ ಇರಲಿ. ಬಂದರೆ ಹುಡುಕ್ತಾರೆ. ಕಲ್ಲು ಹೆಂಚಿನ ಹಾಗೆ ಕಾದಿದೆ."
"ಮನೆ ನೆನಪಿಲ್ಲದೋರಿಗೆ ಚಪ್ಪಲಿ ನೆನಪಿರುತ್ತೇನಮ್ಮ?"
ಸುಮ್ಮನಿರುವ ಬಾಯಲ್ಲ ನನ್ನದು. "ನೀನು ಅವರ ಹೆಗಲ ಮೇಲೆ ಬೆಳೆದೋಳು. ಆ ಕಾಲು ಒತ್ತಿದೋಳು ನಾನು" ಅಂದೆ.
ಕಾಯುವವಳು ಮುಂದಿನ ಸಾಲಿನಲ್ಲೇ ಜೋಡಿಸಿಟ್ಟಳು. "ಬಂದರೆ ಹಿಡಿದು ಕೂರಿಸ್ತೀನಿ ಅಜ್ಜಿ. ಈ ಸಲ ಮುಖಾನೂ ನೋಡ್ತೀನಿ."

ಮಾರ್ಚ್ 14, ಸಂಜೆ
ಚಪ್ಪಲಿ ಇಲ್ಲ.
ಕಾಯುವವಳು ಟೀ ಕುಡಿದು ಬರುವಷ್ಟರಲ್ಲಿ ಜಾಗ ಖಾಲಿ. ಫೋನಿನಲ್ಲಿ ಸುದ್ದಿ ಹೇಳುವಾಗ ಅಳುತ್ತಿದ್ದಳು. ಬೈಯಲು ನನಗೆ ಬಾಯಿ ಬರಲಿಲ್ಲ. ಮೊದಲ ಸಲ.
"ಅಪ್ಪನೇ ಇರ್ಬೇಕು" ಎಂದು ಮಗಳು ಆಟೋ ಹಿಡಿದು ಸುತ್ತುತ್ತಿದ್ದಾಳೆ. ಫೋನು ಕಾಯಲು ನನ್ನನ್ನು ಮನೆಯಲ್ಲಿ ಕೂರಿಸಿದ್ದಾಳೆ. ಯಾವನೋ ಕಳ್ಳನೂ ಇರಬಹುದು... ಬೇಡ. ಅವರೇ. ಅವರೇ ಹಾಕಿಕೊಂಡು ಹೋಗಿದ್ದಾರೆ.
ಹಾಕಿಕೊಂಡರೆ ನಂಬರು ಕಾಲಡಿಗೆ ಮುಚ್ಚಿಹೋಗುತ್ತದೆ. ಬಿಟ್ಟರೆ ಕಾಣುತ್ತದೆ, ಆದರೆ ಬಿಟ್ಟು ನಡೆದರೆ ಅವರಿರುವುದಿಲ್ಲ. ಈ ಜಾಣೆಗೆ ಇದು ಈಗ ಹೊಳೆಯಿತು.
ಫೋನು ಮಡಿಲಲ್ಲೇ ಇದೆ. ರೀ, ಬೈಯಲ್ಲ. ಎಲ್ಲಾದರೂ ನಾಲ್ಕು ಜನರ ನಡುವೆ ಕೂತುಕೊಳ್ಳಿ. ಚಪ್ಪಲಿ ಕಳಚಿ, ಪಕ್ಕದಲ್ಲೇ ಇಟ್ಟುಕೊಂಡು, ಒಂದು ಗಳಿಗೆ ಹಾಗೇ ಇರಿ. ಯಾರಾದರೂ ನಂಬರು ನೋಡಲಿ.