ಅರ್ವಿಡ್‌ನ ತೊಡೆಯ ಒಂದು ಎಳೆ

ಡುಲುತ್
೧೪ ಮಾರ್ಚ್ ೧೯೮೯

ಪ್ರೀತಿಯ ವೆರ್ನಾ,

ಹೇಗಿದ್ದೀಯೆ? ಮಂಡಿ ನೋವು ಕಡಿಮೆಯಾಯಿತೇ? ಕ್ರಿಸ್‌ಮಸ್‌ಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೇಕಾದಷ್ಟು ಬೈದುಕೋ. ಇಲ್ಲಿ ಸರೋವರದ ಮಂಜುಗಡ್ಡೆ ಇನ್ನೂ ಕರಗಿಲ್ಲ. ಪ್ರಯೋಗಾಲಯದಲ್ಲಿ ಮೊಲದ ಸ್ನಾಯು, ಕಪ್ಪೆಯ ಸ್ನಾಯು ಎಂದು ನನ್ನ ಹಳೆಯ ಪಾಡು ನಡೆದೇ ಇದೆ.

ನನ್ನ ತಮ್ಮ ಅರ್ವಿಡ್‌ನ ವಿಷಯ ನೀನು ಕೇಳಿದ್ದೆಯಲ್ಲ. ನರಗಳನ್ನು ಕೊಲ್ಲುವ ಆ ಹಾಳು ಕಾಯಿಲೆ ಕೈಗೂ ಏರಿತು, ಚಮಚ ಎತ್ತಲೂ ಆಗದಾಯಿತು. ಪರೀಕ್ಷೆಗೆಂದು ಡಾಕ್ಟರು ಅವನ ತೊಡೆಯಿಂದ ತೆಗೆದ ಸ್ನಾಯುವಿನಲ್ಲಿ ಒಂದು ಚೂರನ್ನು ಅವನೇ ಹಠ ಹಿಡಿದು ನನಗೆ ಕೊಡಿಸಿದ. "ಮೊಲದ್ದು ನೋಡಿದ್ದು ಸಾಕು, ಇನ್ನು ನನ್ನದು ನೋಡು" ಅಂದ. ಕೆಡದಂತೆ ಗ್ಲಿಸರಿನ್‌ನಲ್ಲಿ ನೆನೆಸಿ ಫ್ರೀಜರಿನಲ್ಲಿಟ್ಟೆ.

ಹೋದ ತಿಂಗಳು ಅವನ ಹೆಂಡತಿ ಮಾರ್ಲಿಸ್ ಗಾಲಿಕುರ್ಚಿಯಲ್ಲಿ ಅವನನ್ನು ಪ್ರಯೋಗಾಲಯಕ್ಕೆ ಕರೆತಂದಳು. ಕೂದಲಿನಷ್ಟು ತೆಳ್ಳಗಿನ ಎಳೆಯೊಂದನ್ನು ಕೊಕ್ಕೆಗೆ ಸಿಕ್ಕಿಸಿ, ಸ್ನಾಯುವಿಗೆ ಶಕ್ತಿ ಕೊಡುವ ಎಟಿಪಿ ಇದ್ದ ನೀರಿಗೆ ಕ್ಯಾಲ್ಸಿಯಂ ಬೆರೆಸಿದೆ. ಶಾಲೆಯಲ್ಲಿ ನೀನೂ ಪಾಠ ಮಾಡಿದ್ದೀಯಲ್ಲ, ಕ್ಯಾಲ್ಸಿಯಂ ತಾಗಿದರೆ ತೆಳು ತಂತುವಿನ ಮೇಲಿನ ಮರೆ ಸರಿಯುತ್ತದೆ, ದಪ್ಪ ತಂತುವಿನ ಪುಟ್ಟ ತಲೆಗಳು ಅದನ್ನು ಹಿಡಿದೆಳೆಯುತ್ತವೆ. ಹಿಡಿದದ್ದನ್ನು ಬಿಟ್ಟು ಮತ್ತೆ ಹಿಡಿಯಲು ಎಟಿಪಿ ಬೇಕು. ಎಳೆತ ಅಳೆಯುವ ಯಂತ್ರದ ಪೆನ್ನು ಕಾಗದದ ಮೇಲೆ ಸರ್ರನೆ ಏರಿತು. ಒಳ್ಳೆಯ ಗೆರೆ ಬಂದಾಗ ನಾವೆಲ್ಲ ಕೂಗುತ್ತೇವೆ, ಅದೇ ಅಭ್ಯಾಸದಲ್ಲಿ ಕೂಗಿಬಿಟ್ಟೆ: "ಭಾರಿ ಗಟ್ಟಿಯಾಗಿದೆ ಕಣೋ!"

ಅವನ ಮುಖ ಅರಳಿತು. "ಕೇಳಿದ್ಯಾ ಮಾರ್ಲಿಸ್? ನಂಗೇನೂ ಆಗಿಲ್ಲ! ಅಕ್ಕಾ, ಆ ನೀರನ್ನೇ ನಂಗೂ ಚುಚ್ಚಿಬಿಡೇ."

"ಆಗಲ್ಲ ಕಣೋ. ಇದರ ಪೊರೆ ತೆಗೆದಿದ್ದೀನಿ, ಅದಕ್ಕೇ ಹೊರಗಿನ ಕ್ಯಾಲ್ಸಿಯಂ ಒಳಗೆ ಹೋಯ್ತು. ನಿನ್ನ ಮೈಯಲ್ಲಿ ಅದು ಸ್ನಾಯುವಿನೊಳಗೇ ಕೂತಿದೆ. ನರ ಹೇಳಿದ್ರೇನೇ ಹೊರಗೆ ಬರೋದು."

"ನರ ಹೇಳದಿದ್ರೆ ನೀನೇ ಹೇಳೇ! ಇಷ್ಟು ವರ್ಷ ಸತ್ತ ಮೊಲಕ್ಕೆಲ್ಲ ಹೇಳ್ಲಿಲ್ವಾ?"

ಮಾರ್ಲಿಸ್ ನಕ್ಕಳು. ನನಗೆ ಅಳು ಬಂತು. ಜೀವನವೆಲ್ಲ ಇದನ್ನೇ ಓದಿ ಏನು ಬಂತು, ವೆರ್ನಾ? ಆ ತಲೆಗಳು ಹೇಗೆ ಹಿಡಿಯುತ್ತವೆ, ಹೇಗೆ ಬಿಡುತ್ತವೆ ಎಲ್ಲ ಬಲ್ಲೆ. ಅವನ ಒಂದು ಬೆರಳು ಮಡಿಸಲು ನನ್ನಿಂದಾಗಲಿಲ್ಲ.

ನೀನೂ ಮಕ್ಕಳೂ ತಣ್ಣಗಿರಿ, ದೇವರು ಕಾಪಾಡಲಿ.

ನಿನ್ನ
ಸೋಲ್ವೆಗ್

ಮತ್ತೆ: ಮೇಲೆ ಬರೆಯಲು ಕೈ ಬರಲಿಲ್ಲ. ಕಾಯಿಲೆ ಉಸಿರಾಟದ ಸ್ನಾಯುಗಳಿಗೂ ಬಂತು. ಹೋದ ಗುರುವಾರ ಅರ್ವಿಡ್ ತೀರಿಕೊಂಡ. ಚಳಿಗೆ ನೆಲ ಹೆಪ್ಪುಗಟ್ಟಿ ಕಲ್ಲಾಗಿದೆ, ಮೇ ತಿಂಗಳವರೆಗೆ ಮಣ್ಣು ಮಾಡುವಂತಿಲ್ಲ. ಪ್ರಾರ್ಥನೆ ಮುಗಿಸಿ ಕಾಫಿ ಕುಡಿಯುವಾಗ ಮಾರ್ಲಿಸ್ ಮೆಲ್ಲನೆ ಕೇಳಿದಳು, "ನಿಮ್ಮ ಹತ್ರ ಅವರದ್ದು ಇನ್ನೂ ಉಳಿದಿದೆಯಲ್ಲ, ಅದು ಈಗಲೂ ಎಳೆಯುತ್ತಾ?" ಸುಳ್ಳು ಹೇಳಲಾಗಲಿಲ್ಲ, ಹೂಂ ಅಂದೆ. "ಹಾಗಾದ್ರೆ ಇನ್ನೊಂದೇ ಒಂದ್ಸಲ ತೋರಿಸಿ ಅತ್ತಿಗೆ" ಅಂದಳು. ನಾಳೆ ಬೆಳಿಗ್ಗೆ ಬರುತ್ತಾಳೆ.